ಒಂದು ಟೈಮ್‌ಟೇಬಲ್ ನನ್ನನ್ನ ಮ್ಯೂಸಿಕ್ ರೂಮಿಂದ ಎಬ್ಬಿಸಿದ್ದು

ಹೋದ ತಿಂಗಳು ಊರಿಂದ ನನ್ನ ಚಿಕ್ಕಮ್ಮನ ಮಗಳು ಫೋನ್ ಮಾಡಿದಾಗ ಕೇಳಿದ್ಲು, "ಅಕ್ಕ, ನೀನು ಮಕ್ಕಳಿಗೆ ಪಿಟೀಲು ಹೇಳ್ಕೊಡ್ತಿದ್ದೆ ಅಲ್ವಾ, ಈಗ ಅದೇನೋ ಅಸಿಸ್ಟೆಂಟ್ ಸೂಪರಿಂಟೆಂಡೆಂಟ್ ಅಂತೆ, ಅದು ಏನ್ ಕೆಲ್ಸ, ಅಲ್ಲಿಗೆ ಹೆಂಗೆ ಹೋದೆ?" ಫೋನಲ್ಲಿ ಸರಿಯಾಗಿ ಹೇಳೋಕೆ ಆಗ್ಲಿಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ.

ಮೊದ್ಲು ಒಂದು ಮಾತು, ಇಲ್ಲಿ ಅಮೆರಿಕದಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ ಅಂದ್ರೆ ನಮ್ಮ ಜಿಲ್ಲೆ ಅಲ್ಲ. ಒಂದು ಊರೋ, ಅಕ್ಕಪಕ್ಕದ ನಾಲ್ಕೈದು ಬಡಾವಣೆನೋ ಸೇರಿ ಅಲ್ಲಿನ ಸರ್ಕಾರಿ ಶಾಲೆಗಳನ್ನೆಲ್ಲ ನಡೆಸೋ ಬೇರೆನೇ ಆಡಳಿತ ಅದು. ಅದಕ್ಕೆ ಜನ ವೋಟ್ ಹಾಕಿ ಆರಿಸೋ ಬೋರ್ಡ್ ಇರುತ್ತೆ, ಆ ಬೋರ್ಡ್ ಒಬ್ಬ ಸೂಪರಿಂಟೆಂಡೆಂಟನ್ನ, ಅಂದ್ರೆ ಮುಖ್ಯ ಅಧಿಕಾರಿನ ನೇಮಿಸುತ್ತೆ, ಅವರ ಕೈಕೆಳಗೆ ಕೆಲಸ ಮಾಡೋರು ಅಸಿಸ್ಟೆಂಟ್ ಸೂಪರಿಂಟೆಂಡೆಂಟ್. ಅಮೆರಿಕದಲ್ಲಿ ಇಂಥವು ಸುಮಾರು 13,000 ಇದಾವೆ, ಕ್ಯಾಲಿಫೋರ್ನಿಯಾ ಒಂದರಲ್ಲೇ ಹತ್ತಿರ ಹತ್ತಿರ 1,000. ನಾನಿರೋದು ಅದ್ರಲ್ಲೊಂದು.

ನಾನು ಕಲ್ತಿದ್ದು ಚಕ್ಕಳಮಕ್ಕಳ ಹಾಕ್ಕೊಂಡು ಪಿಟೀಲಿನ ತಲೆನ ಬಲಗಾಲಿನ ಪಾದದ ಮೇಲಿಟ್ಟು ನುಡಿಸೋ ನಮ್ಮ ಕರ್ನಾಟಕ ಪದ್ಧತಿ, ತಂತಿಗಳು ಸ ಪ ಸ ಪ. ಇಲ್ಲಿ ಬಂದು ಟೀಚಿಂಗ್ ಕ್ರೆಡೆನ್ಷಿಯಲ್, ಅಂದ್ರೆ ಟೀಚರ್ ಆಗೋಕೆ ಬೇಕಾದ ಅರ್ಹತೆ, ಮಾಡೋವಾಗ ನಿಂತ್ಕೊಂಡು ಗಲ್ಲದ ಕೆಳಗಿಟ್ಟು, ಜಿ ಡಿ ಎ ಇ ಶ್ರುತಿಯಲ್ಲಿ, ಎದುರಿಗೆ ಸ್ಟಾಫ್ ನೊಟೇಶನ್ (ಐದು ಗೆರೆ ಮೇಲೆ ಬರೆಯೋ ಪಾಶ್ಚಾತ್ಯ ಸ್ವರಲಿಪಿ) ಇಟ್ಕೊಂಡು ಮೊದಲಿಂದ ಕಲೀಬೇಕಾಯ್ತು. ಪಿಟೀಲಿಗಿಂತ ದೊಡ್ಡ, ತಗ್ಗು ದನಿಯ ತಂತಿವಾದ್ಯಗಳಾದ ವಯೋಲಾ, ಚೆಲ್ಲೊ, ಬೇಸ್ ಕೂಡ ಒಂದು ಮಟ್ಟಕ್ಕೆ ಬರ್ಬೇಕು, ಯಾಕಂದ್ರೆ ಮಿಡ್ಲ್ ಸ್ಕೂಲ್ ಆರ್ಕೆಸ್ಟ್ರಾ ಅಂದ್ರೆ ನಾಲ್ಕೂ ವಾದ್ಯನ ಒಂದೇ ರೂಮಲ್ಲಿ ಒಬ್ಬರೇ ಹೇಳ್ಕೊಡೋದು. 2006ರಲ್ಲಿ ಕೆಲಸ ಸಿಕ್ತು, ಆರು ಏಳು ಎಂಟನೇ ಕ್ಲಾಸು.

ಈ ಕೆಲಸದ ಒಂದು ವಿಶೇಷ ಹೊರಗಿನವರಿಗೆ ಗೊತ್ತಾಗಲ್ಲ. ಗಣಿತದ ಟೀಚರ್‌ಗೆ ಒಂದು ಮಗು ಸಾಮಾನ್ಯವಾಗಿ ಒಂದು ವರ್ಷ ಸಿಗುತ್ತೆ, ನನಗೆ ಅದೇ ಮಗು ಮೂರು ವರ್ಷ. ಅವರ ಅಣ್ಣ ತಮ್ಮ ಯಾರು, ಅಪ್ಪ ಯಾವ ಶಿಫ್ಟಲ್ಲಿ ಕೆಲಸ ಮಾಡ್ತಾರೆ, ಯಾರ ಮನೇಲಿ ಪ್ರಾಕ್ಟೀಸ್ ಮಾಡಿದ್ರೆ ಪಕ್ಕದ ಮನೆಯವರು ಗೋಡೆ ಕುಟ್ತಾರೆ, ಎಲ್ಲ ಗೊತ್ತಿರುತ್ತೆ. ಜೊತೆಗೆ ವಾದ್ಯಗಳ ಲೆಕ್ಕ, ರಿಪೇರಿ ದುಡ್ಡು, ಕಾನ್ಸರ್ಟಿಗೆ ಬಸ್ಸು, ಪೇರೆಂಟ್ಸ್ ಮೀಟಿಂಗು. ಒಂದು ಚಿಕ್ಕ ಆಫೀಸನ್ನೇ ನಡೆಸ್ತಿದ್ದೆ ಅಂತ ಆಮೇಲೆ ಅರ್ಥ ಆಯ್ತು.

2009ರ ಮಾರ್ಚಲ್ಲಿ ರಿಜಿಸ್ಟರ್ಡ್ ಪೋಸ್ಟ್ ಬಂತು. ಕ್ಯಾಲಿಫೋರ್ನಿಯಾದಲ್ಲಿ ಮುಂದಿನ ವರ್ಷ ಕೆಲಸ ಇಲ್ಲದೆ ಹೋಗ್ಬಹುದು ಅಂತ ಟೀಚರ್‌ಗೆ ಮಾರ್ಚ್ 15ರ ಒಳಗೆ ನೋಟಿಸ್ ಕೊಡ್ಬೇಕು, ಮೇ 15ರ ಒಳಗೆ ಕೊನೇ ತೀರ್ಮಾನ ಹೇಳ್ಬೇಕು. ಇದಕ್ಕೆ ಜನ ಪಿಂಕ್ ಸ್ಲಿಪ್ ಅಂತಾರೆ. ಅದು ಆರ್ಥಿಕ ಕುಸಿತದ ವರ್ಷ. ಈ ರಾಜ್ಯದಲ್ಲಿ 1978ರ ಪ್ರೊಪೊಸಿಷನ್ 13, ಅಂದ್ರೆ ಜನ ನೇರವಾಗಿ ವೋಟ್ ಹಾಕಿ ಪಾಸ್ ಮಾಡಿದ ಕಾನೂನು, ಆಸ್ತಿ ತೆರಿಗೆಗೆ ಮಿತಿ ಹಾಕಿದ ಮೇಲೆ ಶಾಲೆಗಳ ದುಡ್ಡು ಹೆಚ್ಚಾಗಿ ರಾಜ್ಯದ ಖಜಾನೆ ಮೇಲೆ ನಿಂತಿದೆ, ಅಲ್ಲಿ ಬರ ಬಂದ್ರೆ ಇಲ್ಲಿ ಮ್ಯೂಸಿಕ್ ರೂಮಿಗೆ ಮೊದ್ಲು ಬಿಸಿ ತಾಗುತ್ತೆ. ಬಾಗಿಲಲ್ಲಿ ನಿಂತು ಪೋಸ್ಟ್‌ಮ್ಯಾನ್ ಕೊಟ್ಟ ರಸೀದಿಗೆ ಸೈನ್ ಹಾಕಿದ್ದು ಇನ್ನೂ ನೆನಪಿದೆ. ಮೇ ತಿಂಗಳಲ್ಲಿ ನೋಟಿಸ್ ವಾಪಸ್ ಆಯ್ತು, ಆದ್ರೆ ಆ ಎರಡು ತಿಂಗಳು ಮಕ್ಕಳ ಮುಂದೆ ಪಿಟೀಲಿನ ಕಮಾನು ಎತ್ತುವಾಗೆಲ್ಲ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗೆ.

ಆದ್ರೆ ನಾನು ಮ್ಯೂಸಿಕ್ ರೂಮ್ ಬಿಟ್ಟಿದ್ದು ಅದಕ್ಕಲ್ಲ. ಒಬ್ಬ ಹುಡುಗನಿಂದ.

ಆರನೇ ಕ್ಲಾಸಲ್ಲಿ ವಯೋಲಾ ತಗೊಂಡಿದ್ದ, ಮನೇಲಿ ಸ್ಪ್ಯಾನಿಷ್ ಮಾತಾಡೋ ಮಗು, ಕ್ಲಾಸಲ್ಲಿ ಬಾಯಿ ಬಿಡ್ತಿರ್ಲಿಲ್ಲ ಆದ್ರೆ ವಯೋಲಾ ಹಿಡಿದ್ರೆ ಪಕ್ಕದಲ್ಲಿದ್ದ ಮೂರು ಜನಾನೂ ಇವನ ಕೈ ನೋಡ್ಕೊಂಡೇ ನುಡಿಸ್ತಿದ್ರು. ಏಳನೇ ಕ್ಲಾಸು ಶುರುವಾದ ಆಗಸ್ಟಲ್ಲಿ ನನ್ನ ಲಿಸ್ಟಲ್ಲಿ ಅವನ ಹೆಸರಿಲ್ಲ. ಎರಡನೇ ದಿನ ಬಾಗಿಲ ಹತ್ರ ಬಂದು ನಿಂತ, ವಯೋಲಾ ಕೇಸನ್ನ ಒರೆಸಿ ಹೊಳೆಯೋ ಹಂಗೆ ಮಾಡ್ಕೊಂಡು ಬಂದಿದ್ದ, ವಾಪಸ್ ಕೊಡೋಕೆ. ನಾನು ಮಕ್ಕಳ ಕ್ಲಾಸುಗಳನ್ನ ನೋಡ್ಕೊಳ್ಳೋ ಕೌನ್ಸೆಲರ್ ಹತ್ರ ಓಡಿದೆ. ಅವರು ಒಳ್ಳೆ ಮನುಷ್ಯೆ, ಟೈಮ್‌ಟೇಬಲ್ ತೋರಿಸಿದ್ರು. ದಿನಕ್ಕೆ ಆರು ಪೀರಿಯಡ್, ಇಂಗ್ಲಿಷ್, ಗಣಿತ, ವಿಜ್ಞಾನ, ಇತಿಹಾಸ, ಪಿಟಿ, ಉಳಿಯೋದು ಒಂದು. ಇಂಗ್ಲಿಷ್ ಕಲೀತಾ ಇರೋ ಮಕ್ಕಳಿಗೆ ಅದಕ್ಕೇ ಅಂತ ಬೇರೆ ಇಂಗ್ಲಿಷ್ ಪಾಠ ಕೊಡ್ಲೇಬೇಕು, ಆ ಉಳಿದ ಒಂದು ಅಲ್ಲಿಗೆ ಹೋಯ್ತು. ಯಾರೂ ಅವನಿಗೆ ಕೆಟ್ಟದ್ದು ಮಾಡಿರ್ಲಿಲ್ಲ. ಬೈಯೋಕೆ ಒಬ್ಬರೂ ಸಿಗ್ಲಿಲ್ಲ ನನಗೆ, ಅದೇ ಸಂಕಟ.

ಆವತ್ತು ಸಂಜೆ ನನ್ನ ಹಳೇ ಲಿಸ್ಟುಗಳನ್ನೆಲ್ಲ ತೆಗೆದು ಕೂತೆ. ಆರ್ಕೆಸ್ಟ್ರಾ ಬಿಟ್ಟು ಹೋದ ಮಕ್ಕಳು ಯಾರ್ಯಾರು ಅಂತ ಒಂದೊಂದೇ ಹೆಸರು ನೋಡ್ತಾ ಹೋದ್ರೆ ಹೆಚ್ಚಿನವರು ಅವನ ಹಾಗೆ ಇನ್ನೂ ಇಂಗ್ಲಿಷ್ ಕಲೀತಾ ಇದ್ದ ಮಕ್ಕಳೇ. ಇಷ್ಟು ವರ್ಷ ಅವರಿಗೆ ಆಸಕ್ತಿ ಹೋಯ್ತೇನೋ ಅಂದ್ಕೊಂಡಿದ್ದೆ.

ಟೈಮ್‌ಟೇಬಲ್ ಬರೆಯೋರು ವೈಸ್ ಪ್ರಿನ್ಸಿಪಾಲ್. ಸರಿ, ಸಂಜೆ ಕ್ಲಾಸಿಗೆ ಸೇರಿ ಅಡ್ಮಿನಿಸ್ಟ್ರೇಟಿವ್ ಕ್ರೆಡೆನ್ಷಿಯಲ್ ಮಾಡ್ಕೊಂಡೆ, 2013ರಲ್ಲಿ ವೈಸ್ ಪ್ರಿನ್ಸಿಪಾಲ್ ಆದೆ, ಆಮೇಲೆ ಪ್ರಿನ್ಸಿಪಾಲ್. ಅಮ್ಮ ಫೋನಲ್ಲಿ "ಪಾಠ ಹೇಳೋದು ಬಿಟ್ಟು ಫೈಲ್ ನೋಡ್ತೀಯೇನೇ, ವಿದ್ಯೆ ಸುಮ್ನೆ ಹೋಗುತ್ತಲ್ಲೇ" ಅಂತ ಬೇಜಾರು ಮಾಡ್ಕೊಂಡ್ಲು, ಅವಳಿಗೆ ಆಗ ಉತ್ತರ ಕೊಡೋಕೆ ನನ್ನ ಹತ್ರ ಏನೂ ಇರ್ಲಿಲ್ಲ.

ಆರನ್ನ ಏಳು ಪೀರಿಯಡ್ ಮಾಡೋಕೆ ಎರಡು ವರ್ಷ ಹಿಡೀತು. ಕಾಗದದ ಮೇಲೆ ಸುಲಭ, 55 ನಿಮಿಷದ ಆರು ಪೀರಿಯಡ್ ಬದಲು 47 ನಿಮಿಷದ ಏಳು, ದಿನದ ಉದ್ದ ಅಷ್ಟೇ. ಆದ್ರೆ ವಿಜ್ಞಾನದ ಟೀಚರ್ ಕೇಳಿದ್ರು, ಲ್ಯಾಬ್ ಸಾಮಾನು ಹರಡಿ ಮತ್ತೆ ಎತ್ತಿಡೋದಕ್ಕೇ 15 ನಿಮಿಷ ಹೋಗುತ್ತೆ, ಉಳಿದಿದ್ರಲ್ಲಿ ಪ್ರಯೋಗ ಯಾವಾಗ ಮಾಡಿಸ್ಲಿ ಅಂತ, ಅವರು ಹೇಳಿದ್ದು ನಿಜಾನೇ. ಯೂನಿಯನ್ ಜೊತೆ ಮಾತುಕತೆ, ಹೆಚ್ಚಿನ ಟೀಚರ್‌ಗಳಿಗೆ ಸಂಬಳ ಎಲ್ಲಿಂದ ಅನ್ನೋ ಪ್ರಶ್ನೆ, ಕೊನೆಗೆ ಲ್ಯಾಬ್ ಇರೋ ದಿನ ಎರಡು ಪೀರಿಯಡ್ ಜೋಡಿಸೋದು ಅಂತ ಒಪ್ಪಂದ ಆಯ್ತು. ಅವರು ಅಷ್ಟು ಜಗಳ ಆಡಿರ್ಲಿಲ್ಲ ಅಂದ್ರೆ ನಾನು ಮಾಡಿದ ಟೈಮ್‌ಟೇಬಲ್ ವಿಜ್ಞಾನನ ಹಾಳು ಮಾಡ್ತಿತ್ತು.

ಜನ ಹೇಳ್ತಾರೆ, ಮ್ಯೂಸಿಕ್ ಕಂಡಕ್ಟರ್ ಆಗಿದ್ದವರಿಗೆ ಲೀಡರ್‌ಶಿಪ್ ಸುಲಭ ಅಂತ. ನನಗೆ ಹಂಗೆ ಅನ್ಸಿಲ್ಲ. ಆರ್ಕೆಸ್ಟ್ರಾದಲ್ಲಿ ಎಲ್ಲರ ಮುಂದೂ ಒಂದೇ ಕೃತಿಯ ಹಾಳೆ ಇರುತ್ತೆ. ಇಲ್ಲಿ ಬಜೆಟ್‌ನವರ ಹಾಳೆ ಬೇರೆ, ಯೂನಿಯನ್ ಹಾಳೆ ಬೇರೆ, ಪೇರೆಂಟ್ಸ್ ಕೈಯಲ್ಲಿ ಹಾಳೆನೇ ಇರಲ್ಲ. ನನಗೆ ಉಪಯೋಗಕ್ಕೆ ಬಂದಿದ್ದು ಒಂದೇ ಅಭ್ಯಾಸ, ಮೀಟಿಂಗಲ್ಲಿ ಜೋರಾಗಿ ಕೇಳ್ತಿರೋ ಫಸ್ಟ್ ವಯೊಲಿನ್ನನ್ನ ಬಿಟ್ಟು ಹಿಂದಿನ ಸಾಲಿನ ವಯೋಲಾ ಕಡೆ ಕಿವಿ ಕೊಡೋದು.

ಮಿಕ್ಕ ಮಿಡ್ಲ್ ಸ್ಕೂಲುಗಳಲ್ಲೂ ಈ ಏಳು ಪೀರಿಯಡ್ ಮಾಡೋಕೆ ಅಂತಾನೇ ಡಿಸ್ಟ್ರಿಕ್ಟ್ ಆಫೀಸಿಗೆ ಹೋದೆ, ಅಸಿಸ್ಟೆಂಟ್ ಸೂಪರಿಂಟೆಂಡೆಂಟ್ ಕೆಲಸ ಅಲ್ಲಿಯದೇ. 2022ರ ಜನವರಿಯಲ್ಲಿ ಒಮಿಕ್ರಾನ್ ಬಂದಾಗ ಸಬ್‌ಸ್ಟಿಟ್ಯೂಟ್ ಟೀಚರ್‌ಗಳು ಸಿಗದೆ ಆಫೀಸಿನವರೆಲ್ಲ ಕ್ಲಾಸಿಗೆ ಹೋದ್ವಿ, ನನಗೆ ಎಂಟು ದಿನ ಒಂದು ಆರ್ಕೆಸ್ಟ್ರಾ ಸಿಕ್ತು, ಆ ಎಂಟು ದಿನ ಎಷ್ಟು ಖುಷಿಯಾಗಿದ್ದೆ ಅಂತ ಮನೆಯವರನ್ನ ಕೇಳ್ಬೇಕು. ಅದೇ ವರ್ಷ ನವೆಂಬರಲ್ಲಿ ಪ್ರೊಪೊಸಿಷನ್ 28 ಪಾಸಾಯ್ತು, ಶಾಲೆಗಳಲ್ಲಿ ಸಂಗೀತ ಮತ್ತು ಕಲೆಗೆ ಅಂತಾನೇ ಪ್ರತಿ ವರ್ಷ ದುಡ್ಡು, ಮೊದಲ ವರ್ಷ ರಾಜ್ಯಕ್ಕೆಲ್ಲ ಸೇರಿ ಸುಮಾರು 938 ಮಿಲಿಯನ್ ಡಾಲರ್. 500 ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳಿರೋ ಡಿಸ್ಟ್ರಿಕ್ಟ್ ಅದರಲ್ಲಿ ಕನಿಷ್ಠ 80% ಟೀಚರ್‌ಗಳಿಗೆ, ಸಿಬ್ಬಂದಿಗೇ ಖರ್ಚು ಮಾಡ್ಬೇಕು. ಫಲಿತಾಂಶ ಬಂದ ರಾತ್ರಿ ನಾನು ಅತ್ತೆ.

ಆದ್ರೆ 2024ರ ಮಾರ್ಚ್ ಬಂತು. ಕೋವಿಡ್ ಟೈಮಲ್ಲಿ ಕೇಂದ್ರದಿಂದ ಬಂದ ದುಡ್ಡಿಗೆ ಆ ಸೆಪ್ಟೆಂಬರ್ 30ಕ್ಕೆ ಗಡುವು ಮುಗೀತಿತ್ತು, ಮಕ್ಕಳ ಸಂಖ್ಯೆನೂ ಇಳಿದಿತ್ತು. ನೋಟಿಸ್ ಕೊಡೋರ ಲಿಸ್ಟ್ ಮಾಡೋ ಮೇಜಿನ ಮುಂದೆ ಈಗ ನಾನೇ ಕೂತಿದ್ದೆ. ಮ್ಯೂಸಿಕ್ ಟೀಚರ್‌ಗಳು ಆ ಲಿಸ್ಟಲ್ಲಿ ಇರ್ಲಿಲ್ಲ. ಇದ್ದಿದ್ದು ಓದಿನಲ್ಲಿ ಹಿಂದುಳಿದ ಮಕ್ಕಳಿಗೆ ಪಾಠ ಮಾಡೋರು, ಹೊಸದಾಗಿ ಬಂದ ಮಕ್ಕಳಿಗೆ ಇಂಗ್ಲಿಷ್ ಹೇಳ್ಕೊಡೋರು. "ನಿಮ್ಮ ಸಂಗೀತ ಉಳ್ಕೊಂಡ್ತಲ್ಲ" ಅಂತ ಒಬ್ಬರು ಅಂದ್ರು. ಆ ದುಡ್ಡನ್ನ ಕಾನೂನು ಪ್ರಕಾರ ಬೇರೆ ಕಡೆ ಹಾಕೋ ಹಾಗಿಲ್ಲ, ನಾನು ಅದನ್ನೇ ಹೇಳಿದೆ, ಆದ್ರೆ ಅವರ ಮಾತು ಚುಚ್ಚಿತು, ಚುಚ್ಚಬೇಕಾದ್ದೇ.

ಪೋಸ್ಟಲ್ಲಿ ಕಳ್ಸೋದು ಬೇಡ ಅಂತ ಹೇಳಿ ನಮ್ಮ ಶಾಲೆಗಳಿಗೆ ನಾನೇ ಹೋಗಿ ಕೊಟ್ಟೆ. ಒಬ್ಬರು ಇಂಗ್ಲಿಷ್ ಟೀಚರ್, ಮೂರನೇ ವರ್ಷ ಅವರದ್ದು, ಕಾಗದ ಓದಿ ಮಡಚಿ ಬ್ಯಾಗಲ್ಲಿಟ್ಕೊಂಡು ಕೇಳಿದ್ರು, "ನನ್ನ ಎರಡನೇ ಪೀರಿಯಡ್ ಮಕ್ಕಳನ್ನ ಯಾರು ನೋಡ್ಕೋತಾರೆ?" ನನಗೆ ಗೊತ್ತಿರ್ಲಿಲ್ಲ. ಎಷ್ಟು ಜನ ಅಂತ ಕೇಳಿದೆ, 22 ಅಂದ್ರು, ಬರ್ಕೊಂಡೆ. ಮುಂದಿನ ಪ್ರತಿ ಬಜೆಟ್ ಮೀಟಿಂಗಲ್ಲೂ ಆ 22ನ್ನ ಮೊದಲ ವಿಷಯ ಮಾಡಿ ಇಟ್ಟೆ. ಏಪ್ರಿಲ್ ಕೊನೆಗೆ ಇಬ್ಬರು ಹಿರಿಯ ಟೀಚರ್‌ಗಳು ರಿಟೈರ್ ಆಗ್ತೀವಿ ಅಂತ ಬರ್ಕೊಟ್ಟ್ರು, ಆ ಇಂಗ್ಲಿಷ್ ಟೀಚರ್ ನೋಟಿಸ್ ವಾಪಸ್ ಆಯ್ತು. ಲಿಸ್ಟಲ್ಲಿದ್ದ ಎಲ್ಲರದ್ದೂ ಆಗ್ಲಿಲ್ಲ.

ಆಗಸ್ಟಲ್ಲಿ ಆ ಶಾಲೆಗೆ ಹೋದಾಗ ಅವರ ಕ್ಲಾಸಿನ ಬಾಗಿಲ ಹತ್ರ ಒಂದು ಹುಡುಗಿ ಟೈಮ್‌ಟೇಬಲ್ ಹಿಡ್ಕೊಂಡು ರೂಮ್ ಹುಡುಕ್ತಿದ್ಲು. ತೋರ್ಸು ಅಂದೆ. ಎರಡನೇ ಪೀರಿಯಡ್ ಇವರ ಇಂಗ್ಲಿಷು, ಏಳನೇದು ಆರ್ಕೆಸ್ಟ್ರಾ. ಯಾವ ವಾದ್ಯ ಅಂತ ಕೇಳಿದ್ರೆ ಇನ್ನೂ ತೀರ್ಮಾನ ಮಾಡಿಲ್ಲ ಅಂತ ತಲೆ ಅಲ್ಲಾಡಿಸಿದ್ಲು. ವಯೋಲಾ ನೋಡು ಅಂದೆ.