ಪೋರ್ಚುಗಲ್ ಪರ ವಕೀಲ

ನಮಗೆ ಅಂತರರಾಷ್ಟ್ರೀಯ ಕಾನೂನು ಕಲಿಸಿದ ಸರ್ ಈ ಮಳೆಗಾಲದಲ್ಲಿ ತೀರಿಕೊಂಡರು. ಅವರ ಹೆಸರು ಬರೆಯುತ್ತಿಲ್ಲ. ತಮ್ಮ ಹೆಸರು ಅಚ್ಚಾಗುವುದು ಅವರಿಗೆ ಇಷ್ಟವಿರಲಿಲ್ಲ. ಧಾರವಾಡದಲ್ಲಿ ನಮ್ಮ ಕಾಲದಲ್ಲಿ ಓದಿದವರಿಗೆ ಹೇಳಬೇಕಾಗಿಯೂ ಇಲ್ಲ.

ಕಾಲೇಜಿನಲ್ಲಿ ಓದಿದ್ದರಲ್ಲಿ ಜಾಸ್ತಿ ಏನೂ ನೆನಪಿಲ್ಲ. ಆಸ್ತಿ ಕಾನೂನಿನ ಸೆಕ್ಷನ್‌ಗಳು ಪರೀಕ್ಷೆಯ ಜೊತೆಗೇ ಹೋದವು. ಆದರೆ ಪೋರ್ಚುಗಲ್ ಭಾರತದ ಮೇಲೆ ಹೂಡಿದ ಮೊಕದ್ದಮೆ ಇವತ್ತಿಗೂ ಬಾಯಿಪಾಠ. 1954ರಲ್ಲಿ ದಾದ್ರಾ, ನಗರ್ ಹವೇಲಿ ಪೋರ್ಚುಗೀಸರ ಕೈ ತಪ್ಪಿದವು. ಅವರದೇ ಆಗಿದ್ದ ಕರಾವಳಿಯ ದಮನ್‌ನಿಂದ ಅಲ್ಲಿಗೆ ಹೋಗಬೇಕಾದರೆ ನಮ್ಮ ನೆಲ ದಾಟಬೇಕು. ಭಾರತ ಬಿಡಲಿಲ್ಲ. 1955ರ ಡಿಸೆಂಬರ್‌ನಲ್ಲಿ ಪೋರ್ಚುಗಲ್ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಇಷ್ಟು ಹೇಳಿ ಸರ್ ನನ್ನ ಕಡೆ ಕೈ ತೋರಿಸಿದರು. "ನೀ ಕಾರವಾರದಾಂವ ಅಲ್ಲೇನು? ನಾಳೆ ಪೋರ್ಚುಗಲ್ ಪರ ವಾದ ಮಾಡು."

ನನಗೆ ಸಿಟ್ಟು ಬಂತು. ಗೋವಾ ಗಡಿಯ ಪಕ್ಕದ ಊರು ನಮ್ಮದು. ವಿಮೋಚನೆಯ ಕಥೆಗಳನ್ನು ಕೇಳುತ್ತಲೇ ಬೆಳೆದವನು ನಾನು. ಆಗೋದಿಲ್ಲ ಸರ್ ಅಂದೆ. ಅವರು ಕನ್ನಡಕ ಒರೆಸಿಕೊಳ್ಳುತ್ತಾ ಹೇಳಿದರು: "ಮೊದಲ ಅವರು ಯಾಕ ಬಂದಾರ ಅನ್ನೋದು ತಿಳಕೊ. ಆಮ್ಯಾಲೆ ಸಿಟ್ಟು ಮಾಡು."

ಲೈಬ್ರರಿ ಬಾಗಿಲು ಹಾಕುವವರೆಗೂ ಕೂತು ಓದಿದೆ. ಮರುದಿನ ಭಾರತದ ಪರ ನಿಂತವಳು ಗದಗಿನ ಗೆಳತಿ. ಇಡೀ ಕ್ಲಾಸು ಅವಳ ಕಡೆ. ನಾನು ಒಂದು ಗಂಟೆ ಕದಲಲಿಲ್ಲ. ಅದಾದ ಮೇಲೆ ಸರ್ ತೀರ್ಪು ಓದಿಸಿದರು. 1960ರ ಏಪ್ರಿಲ್ 12ರಂದು ಬಂದ ಆ ತೀರ್ಪಿನ ಪ್ರಕಾರ, ಸಾಮಾನ್ಯ ಜನ, ಸಿವಿಲ್ ಅಧಿಕಾರಿಗಳು, ಸರಕು ದಾಟಲು ಪೋರ್ಚುಗಲ್‌ಗೆ ಹಕ್ಕಿತ್ತು. ಸೈನಿಕರು, ಸಶಸ್ತ್ರ ಪೊಲೀಸರು, ಶಸ್ತ್ರಾಸ್ತ್ರಗಳಿಗೆ ಇರಲಿಲ್ಲ. ಭಾರತ ತನ್ನ ಕರ್ತವ್ಯ ಮೀರಿಲ್ಲ ಎಂದೂ ಕೋರ್ಟು ಹೇಳಿತು. ನನ್ನ ಆ ವಾದದ ಬಗ್ಗೆ ಸರ್ ಮುಂದಿನ ಬ್ಯಾಚುಗಳಿಗೂ ಹೇಳುತ್ತಿದ್ದರಂತೆ. ಆಮೇಲೆ ದೊಡ್ಡ ದೊಡ್ಡ ಸಭೆಗಳಲ್ಲಿ ಮಾತಾಡಿದ್ದೇನೆ. ಇಷ್ಟು ಸಂತೋಷ ಕೊಟ್ಟ ಮೆಚ್ಚುಗೆ ಮತ್ತೊಂದಿಲ್ಲ.

ನಮ್ಮ ತುಂಟತನಕ್ಕೂ ಅವರ ಪಾಠವೇ ಕಾರಣ. ರಾಯಭಾರ ಸಂಬಂಧಗಳ 1961ರ ವಿಯೆನ್ನಾ ಒಪ್ಪಂದ ಕಲಿತ ವಾರವೇ ಹಾಸ್ಟೆಲ್‌ನ ನಮ್ಮ ರೂಮಿನ ಬಾಗಿಲಿಗೆ ಒಂದು ನೋಟೀಸು ಅಂಟಿಸಿದೆವು. "ಇದು ರಾಯಭಾರ ಕಚೇರಿ. 22ನೇ ವಿಧಿಯ ಪ್ರಕಾರ ನಮ್ಮ ಅನುಮತಿ ಇಲ್ಲದೆ ವಾರ್ಡನ್ ಒಳಗೆ ಬರುವಂತಿಲ್ಲ." ಒಕ್ಕಣೆ ಗದಗಿನ ಗೆಳತಿಯದು, ಅಕ್ಷರ ನನ್ನದು. ಒಳಗೆ ಸ್ಟೌ ಮೇಲೆ ಅವಲಕ್ಕಿ ಒಗ್ಗರಣೆ ನಡೆದಿತ್ತು. ವಾರ್ಡನ್ ಕೆಂಡವಾಗಿ ಸರ್ ಹತ್ತಿರ ಹೋದರು. ಸರ್ ಬಂದು ನೋಟೀಸು ಪೂರ್ತಿ ಓದಿ, ಕಾಗುಣಿತ ತಿದ್ದಿ, ಕೆಳಗೆ ಬರೆದರು: "2ನೇ ವಿಧಿ: ರಾಯಭಾರ ಕಚೇರಿಗೆ ಎರಡೂ ಕಡೆಯ ಒಪ್ಪಿಗೆ ಬೇಕು. 9ನೇ ವಿಧಿ: ಬೇಡವಾದ ರಾಯಭಾರಿಯನ್ನು ಕಾರಣ ಕೊಡದೆ ವಾಪಸ್ ಕಳಿಸಬಹುದು. ಸಂಜೆಯೊಳಗ ಸ್ಟೌ ತೆಗೀರಿ." ತೆಗೆದೆವು. ಆ ವರ್ಷ ಆ ಎರಡು ವಿಧಿಗಳನ್ನು ಯಾರೂ ಪರೀಕ್ಷೆಗೆಂದು ಓದಲಿಲ್ಲ. ಓದುವ ಅಗತ್ಯವೇ ಇರಲಿಲ್ಲ.

ಬೆನೆಗಲ್ ನರಸಿಂಗ ರಾಯರ ಮಾತು ಬಂದರೆ ಸರ್ ದನಿಯೇ ಬದಲಾಗುತ್ತಿತ್ತು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷರ ಕುರ್ಚಿಯಲ್ಲಿ ಇದ್ದವರು ಮಂಗಳೂರಿನಲ್ಲಿ ಹುಟ್ಟಿದ ಈ ರಾಯರು. ಆಮೇಲೆ ಹೇಗ್‌ನಲ್ಲಿ ನ್ಯಾಯಾಧೀಶರಾದರು. 1953ರಲ್ಲಿ ತೀರಿಕೊಂಡರು. ದೂರದ ಕೋರ್ಟು ನಮ್ಮ ಮಕ್ಕಳಿಗೂ ಸೇರಿದ್ದು ಅನ್ನುವ ಧೈರ್ಯವನ್ನು ಸರ್ ಕೊಟ್ಟಿದ್ದು ಹೀಗೆ.

ಆ ಧೈರ್ಯದಿಂದಲೇ ನಾವು ಕೆಲವರು ಇದೇ ದಾರಿ ಹಿಡಿದೆವು. ಈಗ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಮಲ್ಪೆಯ ಮೀನುಗಾರರ ಮನೆಯ ಗೆಳೆಯ ಕಡಲ ಕಾನೂನು ಓದಿದ. 2012ರಲ್ಲಿ ಕೇರಳದ ಕರಾವಳಿಯಾಚೆ ಇಟಲಿಯ ನೌಕಾ ಸೈನಿಕರ ಗುಂಡಿಗೆ ಇಬ್ಬರು ಮೀನುಗಾರರು ಸತ್ತರಲ್ವಾ, ಆ ಪ್ರಕರಣದ ಕಾಗದಗಳನ್ನು ವರ್ಷಗಟ್ಟಲೆ ಜೋಡಿಸಿದ. ಭಾರತಕ್ಕೆ ಪರಿಹಾರ ಸಲ್ಲಬೇಕು, ಆದರೆ ಆ ಸೈನಿಕರ ವಿಚಾರಣೆ ಇಲ್ಲಿ ಆಗುವಂತಿಲ್ಲ ಎಂದು 2020ರಲ್ಲಿ ತೀರ್ಪು ಬಂತು. "ಇದನ್ನು ಆ ಮನೆಯವರ ಮುಂದೆ ಕೂತು ಓದಿ ಹೇಳುವವರು ಯಾರು?" ಅಂದಿದ್ದ. ಮರುವರ್ಷ ಅವನೂ ಇಲ್ಲವಾದ.

ಗದಗಿನ ಗೆಳತಿ ದೆಹಲಿಯಲ್ಲಿ ಪಾಠ ಮಾಡಿದಳು. ನದಿ ಒಪ್ಪಂದಗಳು ಅವಳ ವಿಷಯ. ನಾನು ಏನೇ ಬರೆದರೂ ಮೊದಲು ಅವಳಿಗೆ ಹೋಗುತ್ತಿತ್ತು. ಅಂಚಿನ ತುಂಬ ಕೆಂಪು ಶಾಯಿಯಲ್ಲಿ ಎದುರು ವಾದ ತುಂಬಿಕೊಂಡು ವಾಪಸ್ ಬರುತ್ತಿತ್ತು. ಎರಡು ವರ್ಷದ ಹಿಂದೆ ಕ್ಯಾನ್ಸರ್ ಅವಳನ್ನು ಒಯ್ದಿತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ಮೇಲೆ ಪಾಕಿಸ್ತಾನದ ಜೊತೆಗಿನ ಸಿಂಧೂ ನದಿ ನೀರಿನ ಒಪ್ಪಂದವನ್ನು ಭಾರತ ತಡೆಹಿಡಿಯಿತು. 1960ರಲ್ಲಿ ಕರಾಚಿಯಲ್ಲಿ ನೆಹರೂ ಮತ್ತು ಅಯೂಬ್ ಖಾನ್ ಸಹಿ ಹಾಕಿದ್ದ, 1965, 1971ರ ಯುದ್ಧಗಳನ್ನೂ ದಾಟಿ ಬಂದಿದ್ದ ಒಪ್ಪಂದ ಅದು. ಗಡಿಯಾಚೆಯ ಭಯೋತ್ಪಾದನೆ ನಿಲ್ಲದೆ ನೀರಿನ ಸ್ನೇಹ ಹೇಗೆ ಎಂಬ ಭಾರತದ ಪ್ರಶ್ನೆ ನ್ಯಾಯವಾದದ್ದು ಎಂದೇ ನಾನು ಬರೆದೆ. ಆದರೆ ಎರಡೂ ಸರ್ಕಾರಗಳು ಸೇರಿ ಇನ್ನೊಂದು ಒಪ್ಪಂದ ಮಾಡಿಕೊಳ್ಳುವವರೆಗೂ ಇದು ಜಾರಿಯಲ್ಲಿರುತ್ತದೆ ಎಂದು 12ನೇ ವಿಧಿ ಹೇಳುತ್ತದೆ. ಅವಳಿದ್ದಿದ್ದರೆ ಅಲ್ಲೇ ಹಿಡಿಯುತ್ತಿದ್ದಳು. ಈ ಸಲ ಎರಡೂ ಕಡೆ ನಾನೇ ಕೂರಬೇಕಾಯಿತು. ತುಂಬ ದಿನ ಹಿಡಿಯಿತು. ಗೆಳೆಯರು ಹೋದಾಗ ಮನಸ್ಸು ಖಾಲಿಯಾಗುವುದು ಎಲ್ಲರಿಗೂ ಗೊತ್ತು. ವಿದ್ವಾಂಸನಿಗೆ ತನ್ನನ್ನು ತಡೆದು ನಿಲ್ಲಿಸುವವರೂ ಇಲ್ಲವಾಗುತ್ತಾರೆ.

ಈಗಿನ ಮಕ್ಕಳು ಜಾಣರು. ನಮಗಿಂತ ಬೇಗ ಕೇಸು ಹುಡುಕುತ್ತಾರೆ. ಆದರೆ ತೀರ್ಪಿನ ಸಾರಾಂಶ ಸಿಕ್ಕರೆ ಸಾಕು ಅನ್ನುತ್ತಾರೆ, ಬಹುಮತ ಒಪ್ಪದ ನ್ಯಾಯಾಧೀಶರ ಭಿನ್ನ ತೀರ್ಪಿನ ಕಡೆ ಕಣ್ಣೇ ಹಾಯಿಸುವುದಿಲ್ಲ. ತಪ್ಪು ಅವರದ್ದಲ್ಲ. ಸೆಮಿಸ್ಟರ್ ಅಷ್ಟು ಚಿಕ್ಕದು. ಟಿವಿಯಲ್ಲಂತೂ ವಿದೇಶಾಂಗ ನೀತಿ ಅಂದರೆ ಸುಮ್ನೆ ಕೂಗಾಟ. ಎದುರು ಪಕ್ಷದವನಿಗೆ ಒಂದು ವಾಕ್ಯ ಮುಗಿಸಲೂ ಬಿಡುವುದಿಲ್ಲ.

ಹಳೆಯ ವಿದ್ಯಾರ್ಥಿಗಳ ಸಭೆಗೆ ನಾನು ಬರುತ್ತಿದ್ದೇನೆ. ಪ್ರಾಂಶುಪಾಲರು ಒಪ್ಪಿದರೆ ಸರ್ ಹೆಸರಿನಲ್ಲಿ ಭಾಷಣ ಬೇಡ, ಒಂದು ಕ್ಲಾಸು ತೆಗೆದುಕೊಳ್ಳುತ್ತೇನೆ. ವಿಷಯ, ಮೈಸೂರು ಮತ್ತು ಮದ್ರಾಸಿನ ನಡುವೆ 1924ರಲ್ಲಿ ಆದ ಕಾವೇರಿ ಒಪ್ಪಂದ. ಮಂಡ್ಯ, ಮೈಸೂರು ಕಡೆಯ ಮಕ್ಕಳು ಮದ್ರಾಸಿನ ಪರ ವಾದಿಸಬೇಕು. ಓದಿಕೊಂಡು ಬನ್ನಿ.