ಸಕಲ ಮೃತರ ದಿನ: ಸಿಮೆಟ್ರಿಗೆ ಹೋಗುವ ಮೊದಲು

2 ನವೆಂಬರ್ 2025, ಭಾನುವಾರ
ಮಂಗಳೂರು

ನಿನ್ನೆ ರಾಜ್ಯೋತ್ಸವ, ಜೊತೆಗೆ ಸಕಲ ಸಂತರ ಹಬ್ಬ. ಇವತ್ತು ಕಥೋಲಿಕ ಸಭೆಯಲ್ಲಿ ಸಕಲ ಮೃತರ ಸ್ಮರಣೆ, ತೀರಿಹೋದವರೆಲ್ಲರಿಗಾಗಿ ಪ್ರಾರ್ಥಿಸುವ ದಿನ. ಭಾನುವಾರದ ಪೂಜೆಯನ್ನು ಸಾಮಾನ್ಯವಾಗಿ ಬೇರೆ ಸ್ಮರಣೆಗಳಿಗೆ ಬಿಟ್ಟುಕೊಡುವುದಿಲ್ಲ, ಆದರೆ ನವೆಂಬರ್ 2ಕ್ಕೆ ಆ ವಿನಾಯಿತಿ ಉಂಟು. ಹಾಗಾಗಿ ಇವತ್ತು ಮಹಿಮಾಗೀತೆ ಇಲ್ಲ, ಪೀಠಕ್ಕೆ ಹೂವಿನ ಅಲಂಕಾರ ಇಲ್ಲ. ಪ್ರತಿ ಗುರುವೂ (ಪಾದ್ರಿಯೂ) ಮೂರು ಪೂಜೆ ಅರ್ಪಿಸಬಹುದು. 1915ರಲ್ಲಿ, ಮೊದಲ ಮಹಾಯುದ್ಧದಲ್ಲಿ ಜನ ಸಾಯುತ್ತಿದ್ದಾಗ, 15ನೇ ಬೆನೆಡಿಕ್ಟ್ ಪೋಪರು ಕೊಟ್ಟ ಅನುಮತಿ ಅದು. ಒಂದು ಪೂಜೆಗೆ ಮಾತ್ರ ಕಾಣಿಕೆ ಪಡೆಯಬಹುದು. ಉಳಿದ ಎರಡು ಎಲ್ಲ ಮೃತರಿಗಾಗಿ ಮತ್ತು ಪೋಪರ ಉದ್ದೇಶಕ್ಕಾಗಿ.

ಸಿಮೆಟ್ರಿಯಲ್ಲಿ ಮೇಣದಬತ್ತಿ, ಸೇವಂತಿಗೆ, ಅಬ್ಬಲಿಗೆ ಎಲ್ಲ ಇರುತ್ತದೆ. ಮಳೆಗಾಲದ ಹುಲ್ಲು ಈಗ ಒಣಗುತ್ತಿರುವ ಹೊತ್ತು. ಪ್ಲಾಸ್ಟಿಕ್ ಹೂವಿನ ಪಕ್ಕದಲ್ಲಿ ಬತ್ತಿ ಹಚ್ಚಿಟ್ಟು ಮನೆಗೆ ಹೋಗಬೇಡಿ. ಚಪ್ಪಟೆ ತಟ್ಟೆಯಲ್ಲಿ ಮರಳು ಹಾಕಿ ಅದರಲ್ಲಿ ನೆಟ್ಟರೆ ಗಾಳಿಗೆ ಬಿದ್ದರೂ ಅಪಾಯವಿಲ್ಲ. ಇದು ಸಣ್ಣ ವಿಷಯ. ದೊಡ್ಡ ಗೊಂದಲ ಇರುವುದು ಸತ್ತವರು ಈಗ ಎಲ್ಲಿದ್ದಾರೆ ಎಂಬಲ್ಲಿ.

ಪರ್ಗೆಟರಿ, ಅಂದರೆ ಶುದ್ಧೀಕರಣ ಸ್ಥಿತಿ, ಸ್ವರ್ಗ ನರಕಗಳ ನಡುವಿನ ಮೂರನೇ ಊರು ಎಂದು ಹೆಚ್ಚಿನವರ ತಿಳುವಳಿಕೆ. ಅಲ್ಲಿಂದ ಯಾವ ಕಡೆಗೂ ಹೋಗಬಹುದು, ನಾವು ಪ್ರಾರ್ಥಿಸದಿದ್ದರೆ ನರಕಕ್ಕೆ ಜಾರಬಹುದು ಎಂದೂ ಕೆಲವರು ಹೆದರುತ್ತಾರೆ. ಕಥೋಲಿಕ ಬೋಧನೆ ಹಾಗಿಲ್ಲ. ಜೀವ ಹೋದ ಕೂಡಲೇ ಪ್ರತಿಯೊಬ್ಬರಿಗೂ ಪ್ರತ್ಯೇಕ ತೀರ್ಪು ಆಗುತ್ತದೆ, ಆಮೇಲೆ ಆಯ್ಕೆ ಬದಲಾಗುವುದಿಲ್ಲ. ಶುದ್ಧೀಕರಣದಲ್ಲಿ ಇರುವವರು ರಕ್ಷಣೆ ಖಾತ್ರಿಯಾದವರು. ಅವರ ದಾರಿ ಸ್ವರ್ಗಕ್ಕೆ ಮಾತ್ರ. ಪಾಪ ಕ್ಷಮೆಯಾಗಿದೆ, ಅದು ಬಿಟ್ಟುಹೋದ ಕಲೆ ಮಾತ್ರ ಉಳಿದಿದೆ. 1439ರ ಫ್ಲಾರೆನ್ಸ್ ಮಹಾಸಭೆ ಮತ್ತು 1563ರ ಟ್ರೆಂಟ್ ಮಹಾಸಭೆ ಹೇಳಿದ್ದು ಹೆಚ್ಚುಕಡಿಮೆ ಇಷ್ಟೇ: ಶುದ್ಧೀಕರಣ ಉಂಟು, ಅಲ್ಲಿರುವವರಿಗೆ ನಮ್ಮ ಪ್ರಾರ್ಥನೆಯಿಂದ, ಮುಖ್ಯವಾಗಿ ಬಲಿಪೂಜೆಯಿಂದ, ನೆರವಾಗುತ್ತದೆ. ಬರೀ ಕುತೂಹಲ ಕೆರಳಿಸುವ, ಮೂಢನಂಬಿಕೆಗೆ ಎಳೆಯುವ, ದುಡ್ಡಿನ ವಾಸನೆ ಬರುವ ಮಾತುಗಳನ್ನು ತಡೆಯಿರಿ ಎಂದು ಟ್ರೆಂಟ್ ಬಿಷಪರಿಗೆ ಆಜ್ಞೆಯನ್ನೂ ಮಾಡಿತು. ಆ ಆಜ್ಞೆ ನಮ್ಮ ವಾಟ್ಸಾಪ್ ಗುಂಪುಗಳಿಗೆ ಇನ್ನೂ ತಲುಪಿದಂತಿಲ್ಲ.

ತುಳುನಾಡಿನಲ್ಲಿ ಕುಲೆಗಳ (ಪ್ರೇತಗಳ) ಮಾತು ಎಲ್ಲ ಮನೆಗಳಲ್ಲೂ ಕೇಳುತ್ತದೆ, ಕ್ರೈಸ್ತರ ಮನೆಗಳಲ್ಲೂ. ಸತ್ತವರ ಆತ್ಮ ಮನೆಯ ಸುತ್ತ ತಿರುಗುತ್ತದೆ ಎಂಬುದಕ್ಕೆ ಸಭೆಯ ಬೋಧನೆಯಲ್ಲಿ ಜಾಗವಿಲ್ಲ. ಮರುಜನ್ಮಕ್ಕೂ ಇಲ್ಲ, ಮನುಷ್ಯ ಸಾಯುವುದು ಒಂದೇ ಸಲ, ಆಮೇಲೆ ತೀರ್ಪು ಎನ್ನುತ್ತದೆ ಹಿಬ್ರಿಯರ ಪತ್ರ (9:27). ನಿಮ್ಮಲ್ಲಿ ಬೊಜ್ಜ (ಉತ್ತರಕ್ರಿಯೆ) ಯಾವತ್ತು ಎಂದು ನೆರೆಮನೆಯವರು ಕೇಳಿದರೆ ಏಳನೇ ದಿನದ ಅಥವಾ ತಿಂಗಳ ಪೂಜೆಯ ದಿನ ಹೇಳುವುದು ರೂಢಿ. ಆದರೆ ಆತ್ಮದ ಪ್ರಯಾಣ ಆ ದಿನಗಳಿಗೆ ಕಟ್ಟುಬಿದ್ದಿಲ್ಲ. ಅನುಕೂಲಕ್ಕಾಗಿ ಎರಡು ದಿನ ಹಿಂದೆ ಮುಂದೆ ಆದರೆ ಸತ್ತವರಿಗೆ ನಷ್ಟವಿಲ್ಲ.

ಹಳೆಯ ಕೊಂಕಣಿ, ಕನ್ನಡ ಪ್ರಾರ್ಥನಾ ಪುಸ್ತಕಗಳಲ್ಲಿ ಜಪದ ಕೆಳಗೆ 300 ದಿವಸ, 7 ವರ್ಷ ಎಂದೆಲ್ಲ ಅಚ್ಚಾಗಿರುತ್ತದೆ. ಅದು ಪರ್ಗೆಟರಿಯಿಂದ ಕಳೆಯುವ ದಿನಗಳ ಲೆಕ್ಕ ಅಲ್ಲ. ಆದಿ ಸಭೆಯಲ್ಲಿ ಪಾಪಿಗಳಿಗೆ ಇಷ್ಟು ದಿನ ಉಪವಾಸ, ಇಷ್ಟು ವರ್ಷ ಪ್ರಾಯಶ್ಚಿತ್ತ ಎಂದು ವಿಧಿಸುತ್ತಿದ್ದರು. ಅಷ್ಟು ಪ್ರಾಯಶ್ಚಿತ್ತಕ್ಕೆ ಸಮ ಎಂಬ ಅಳತೆ ಅದು. 1967ರಲ್ಲಿ 6ನೇ ಪೌಲ್ ಪೋಪರು ಈ ಅಂಕಿಗಳನ್ನೇ ತೆಗೆದುಹಾಕಿದರು. ಈಗ ಇಂಡಲ್ಜೆನ್ಸ್, ಅಂದರೆ ಕ್ಷಮೆಯಾದ ಪಾಪಕ್ಕೆ ಉಳಿದ ಶಿಕ್ಷೆಯ ಮಾಫಿ, ಭಾಗಶಃ ಅಥವಾ ಪೂರ್ಣ, ಅಷ್ಟೇ.

ಪೂರ್ಣವಾದದ್ದನ್ನು ಮೃತರಿಗಾಗಿ ಪಡೆಯಲು ನವೆಂಬರ್ 1ರಿಂದ 8ರವರೆಗೆ ಸಮಯ. ಸಿಮೆಟ್ರಿಗೆ ಹೋಗಿ ಮೃತರಿಗಾಗಿ ಪ್ರಾರ್ಥಿಸಬೇಕು, ಮನಸ್ಸಿನಲ್ಲೇ ಆದರೂ ಸಾಕು. ಇವತ್ತು ಮಾತ್ರ ಇನ್ನೊಂದು ದಾರಿಯೂ ಉಂಟು: ಚರ್ಚಿಗೆ ಹೋಗಿ ಪರಲೋಕ ಪ್ರಾರ್ಥನೆ ಮತ್ತು ವಿಶ್ವಾಸ ಸಂಗ್ರಹ ಹೇಳುವುದು. ಇದರ ಜೊತೆ ಪಾಪನಿವೇದನೆ, ಪರಮಪ್ರಸಾದ, ಪೋಪರ ಉದ್ದೇಶಕ್ಕಾಗಿ ಒಂದು ಪರಲೋಕ ಪ್ರಾರ್ಥನೆ ಮತ್ತು ಒಂದು ನಮೋ ಮರಿಯಾ. ಎಡವುವುದು ಇಲ್ಲಿ. ಒಂದು ಪಾಪನಿವೇದನೆ ಹಲವು ದಿನಗಳಿಗೆ ನಡೆಯುತ್ತದೆ, ಮೊದಲೋ ಆಮೇಲೋ ಸುಮಾರು 20 ದಿನಗಳ ಒಳಗೆ ಆಗಿದ್ದರೆ ಸರಿ. ಪರಮಪ್ರಸಾದ ಮತ್ತು ಪೋಪರಿಗಾಗಿ ಪ್ರಾರ್ಥನೆ ಮಾತ್ರ ಪ್ರತಿ ಇಂಡಲ್ಜೆನ್ಸಿಗೂ ಬೇರೆಯೇ ಬೇಕು. ಹಾಗಾಗಿ ಇವತ್ತೇ ಎಲ್ಲರೂ ಪಾಪನಿವೇದನೆಯ ಸಾಲಿನಲ್ಲಿ ನೂಕಾಡುವ ಅಗತ್ಯವಿಲ್ಲ. ಕೊನೆಯ ಷರತ್ತು ಕಷ್ಟದ್ದು: ಸಣ್ಣ ಪಾಪದ ಮೇಲೂ ಮೋಹ ಇರಬಾರದು. ಈ ಷರತ್ತು ಪೂರೈಸದಿದ್ದರೆ ಸಿಗುವುದು ಭಾಗಶಃ ಮಾತ್ರ.

ಬಲ್ಮಠದ ಕಡೆಗೆ ನಡೆದರೆ ಬೇರೆ ಉತ್ತರ ಸಿಗುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪರಂಪರೆಯ ಪ್ರೊಟೆಸ್ಟೆಂಟರಿಗೆ ಶುದ್ಧೀಕರಣ ಇಲ್ಲ. ವಿಶ್ವಾಸದಲ್ಲಿ ತೀರಿಹೋದವರು ಕ್ರಿಸ್ತನ ಬಳಿ ಇದ್ದಾರೆ, ನಮ್ಮ ಜಪದಿಂದ ಅವರ ಸ್ಥಿತಿ ಬದಲಾಗದು. ಆದ್ದರಿಂದ ಅವರ ಶವಸಂಸ್ಕಾರದ ಆರಾಧನೆ ಉಳಿದವರ ಸಾಂತ್ವನಕ್ಕೆ, ಪುನರುತ್ಥಾನದ ಭರವಸೆಗೆ, ಸತ್ತವರ ಬದುಕಿಗಾಗಿ ದೇವರಿಗೆ ಕೃತಜ್ಞತೆಗೆ. ಜಗಳದ ಬೇರು ಒಂದು ಗ್ರಂಥದಲ್ಲಿದೆ. ಮಕ್ಕಬಿಯರ ಎರಡನೇ ಗ್ರಂಥದ 12ನೇ ಅಧ್ಯಾಯದಲ್ಲಿ ಯೂದ ಮಕ್ಕಬಿ ಸತ್ತ ಸೈನಿಕರ ಪಾಪಪರಿಹಾರಕ್ಕೆ ಜೆರುಸಲೇಮಿಗೆ ಬೆಳ್ಳಿ ಕಳುಹಿಸುತ್ತಾನೆ. ಕಥೋಲಿಕ ಬೈಬಲಿನಲ್ಲಿ ಈ ಗ್ರಂಥ ಉಂಟು, ಪ್ರೊಟೆಸ್ಟೆಂಟರ ಬೈಬಲಿನಲ್ಲಿ ಇಲ್ಲ. ಬ್ರಹ್ಮಾವರದ ಆರ್ಥೊಡಾಕ್ಸ್ ಸಭೆ ಮತ್ತೊಂದು ಬಗೆ: ಸತ್ತವರಿಗಾಗಿ ಪ್ರಾರ್ಥಿಸುತ್ತಾರೆ, ಪರ್ಗೆಟರಿ ಎಂಬ ಸಿದ್ಧಾಂತ ಒಪ್ಪುವುದಿಲ್ಲ.

ಮಿಶ್ರ ಕುಟುಂಬದವರು ಕೇಳುವುದುಂಟು, ಕಥೋಲಿಕರಲ್ಲದ ಮಾವನಿಗೆ ಪೂಜೆ ಹೇಳಿಸಬಹುದೇ ಎಂದು. ಬದುಕಿದವರು, ಸತ್ತವರು ಯಾರಿಗಾಗಿಯೂ ಪೂಜೆ ಅರ್ಪಿಸಲು ಗುರುವಿಗೆ ಸ್ವಾತಂತ್ರ್ಯವಿದೆ (ಧರ್ಮಸಭೆಯ ಕಾನೂನು 901). ಹಿಂದೂ ಗೆಳೆಯನಿಗೂ ಆದೀತು.

ಇನ್ನು ಸಾವಿನ ಹೊತ್ತಿನ ಮಾತು. ಅತಿ ಸಾಮಾನ್ಯ ತಪ್ಪು, ಉಸಿರು ನಿಂತ ಮೇಲೆ ಗುರುಗಳಿಗೆ ಫೋನ್ ಮಾಡುವುದು. ಅಭ್ಯಂಗ ಸಂಸ್ಕಾರ ಇರುವುದು ರೋಗಿಗೆ, ಶವಕ್ಕಲ್ಲ. ಜೀವ ಇದೆಯೋ ಇಲ್ಲವೋ ಎಂಬ ಸಂಶಯವಿದ್ದರೆ ಮಾತ್ರ ಕೊಡುತ್ತಾರೆ. ಕಾಯಿಲೆ ಗಂಭೀರ ಎಂದು ಗೊತ್ತಾದಾಗಲೇ, ಪ್ರಜ್ಞೆ ಇರುವಾಗಲೇ ಕರೆಯಿರಿ: ಮೊದಲು ಪಾಪನಿವೇದನೆ, ಆಮೇಲೆ ಹಣೆಗೂ ಎರಡು ಕೈಗಳಿಗೂ ತೈಲ, ಕೊನೆಗೆ ದಾರಿಯ ಬುತ್ತಿಯಾಗಿ ಪರಮಪ್ರಸಾದ. ನುಂಗಲು ಕಷ್ಟವಾದರೆ ಚಿಕ್ಕ ಚೂರು ಸಾಕು. ಪ್ರಜ್ಞೆ ಇಲ್ಲದಿದ್ದರೆ ತೈಲ ಮಾತ್ರ. ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದ್ದರೆ ಮೇಣದಬತ್ತಿ ಹಚ್ಚಲೇಬಾರದು.

ಚರ್ಚಿಗೆ ಪೆಟ್ಟಿಗೆ ತರುವಾಗ ಕಾಲು ಮುಂದಾಗಿ ತರಬೇಕು. ವಿಶ್ವಾಸಿ ಪೂಜೆಗೆ ಕೂತಾಗ ಪೀಠದ ಕಡೆ ಮುಖ ಮಾಡಿದ್ದ ಹಾಗೆಯೇ, ಶವದ ಕಾಲು ಪೀಠದ ಕಡೆಗೆ. ಗುರುಗಳ ಶವಕ್ಕೆ ತದ್ವಿರುದ್ಧ, ಅವರು ಜನರ ಕಡೆ ಮುಖ ಮಾಡಿದ್ದವರು. ಹೊತ್ತವರು ಇದನ್ನು ಬಾಗಿಲಲ್ಲೇ ನೋಡಿಕೊಳ್ಳಲಿ, ಆಮೇಲೆ ಬೆಂಚುಗಳ ನಡುವೆ ಪೆಟ್ಟಿಗೆ ತಿರುಗಿಸುವ ಪಾಡು ಬೇಡ.

ದಹನಕ್ಕೆ 1963ರಿಂದ ಅಡ್ಡಿಯಿಲ್ಲ, ದೇಹದ ಪುನರುತ್ಥಾನವನ್ನು ಅಲ್ಲಗಳೆಯಲೆಂದೇ ಮಾಡದಿದ್ದರೆ. ದೇವರು ಎಬ್ಬಿಸುವುದಕ್ಕೆ ಮೂಳೆ ಉಳಿದಿರಬೇಕೆಂದಿಲ್ಲ. ಆದರೆ 2016ರ ಸೂಚನೆಯಂತೆ ಬೂದಿಯನ್ನು ನೇತ್ರಾವತಿಯಲ್ಲೋ ಕಡಲಲ್ಲೋ ಚೆಲ್ಲುವ ಹಾಗಿಲ್ಲ, ಮನೆಯ ಶೋಕೇಸಿನಲ್ಲಿ ಇಡುವ ಹಾಗೂ ಇಲ್ಲ. ಸಿಮೆಟ್ರಿಯಂಥ ಪವಿತ್ರ ಜಾಗದಲ್ಲೇ ಇಡಬೇಕು.

ಆತ್ಮಹತ್ಯೆ ಮಾಡಿಕೊಂಡವರಿಗೆ ಚರ್ಚಿನ ಸಂಸ್ಕಾರ ಇಲ್ಲ ಎಂದು ಈಗಲೂ ಹೇಳುವವರಿದ್ದಾರೆ. 1917ರ ಕಾನೂನಿನಲ್ಲಿ ಹಾಗಿತ್ತು. 1983ರ ಕಾನೂನಿನ ಪಟ್ಟಿಯಲ್ಲಿ ಅದಿಲ್ಲ. ಅವರ ರಕ್ಷಣೆಯ ಬಗ್ಗೆ ಹತಾಶರಾಗಬಾರದು ಎಂದೇ ಸಭೆ ಕಲಿಸುತ್ತದೆ, ಅವರಿಗಾಗಿ ಪ್ರಾರ್ಥಿಸುತ್ತದೆ. ದುಃಖದ ಮನೆಯಲ್ಲಿ ಹಳೆಯ ಕಾನೂನು ಓದಿ ಹೇಳುವವರ ಬಾಯಿ ಮುಚ್ಚಿಸಬೇಕು.

ಗ್ರೆಗೋರಿಯನ್ ಪೂಜೆ ಹೇಳಿಸುವವರಿಗೆ: ಒಬ್ಬ ಮೃತರಿಗಾಗಿ 30 ದಿನ ಬಿಡದೆ 30 ಪೂಜೆ. ಬದುಕಿರುವವರಿಗೆ ಆಗುವುದಿಲ್ಲ, ನಾಲ್ಕೈದು ಹೆಸರು ಸೇರಿಸುವಂತೆಯೂ ಇಲ್ಲ. ಒಬ್ಬರೇ ಗುರು ಮಾಡಬೇಕೆಂದಿಲ್ಲ. ಜ್ವರ ಬಂದೋ ಇನ್ನೇನೋ ಅನಿರೀಕ್ಷಿತವಾಗಿ ಒಂದು ದಿನ ತಪ್ಪಿದರೆ ಮತ್ತೆ ಒಂದರಿಂದ ಶುರು ಮಾಡಬೇಕಾಗಿಲ್ಲ, ಮುಂದುವರಿಸಿ 30 ತುಂಬಿಸಿದರಾಯಿತು. ಒಬ್ಬರೇ ಗುರುಗಳಿರುವ ಚರ್ಚಿನಲ್ಲಿ ಇದು ಕಷ್ಟ, ಯಾಕೆಂದರೆ ವಿಗಾರರು ಪ್ರತಿ ಭಾನುವಾರ ಒಂದು ಪೂಜೆಯನ್ನು ತಮ್ಮ ಜನರಿಗಾಗಿಯೇ ಅರ್ಪಿಸಬೇಕು. ಹಲವು ಗುರುಗಳು ಒಟ್ಟಿಗೆ ವಾಸಿಸುವ ಸಂನ್ಯಾಸಿ ಮನೆಗಳಲ್ಲಿ ವಿಚಾರಿಸುವುದು ಸುಲಭ.