ಹಾಸನದಿಂದ ಚಿಕ್ಕಮಗಳೂರಿಗೆ ಒಂದೊಂದೇ ಫೋಟಾನ್

ಹಾಸನದಿಂದ ಬೇಲೂರು ಹಾದು ಚಿಕ್ಕಮಗಳೂರಿಗೆ ಸುಮಾರು 60 ಕಿ.ಮೀ. ಅಷ್ಟುದ್ದ ಫೈಬರ್ ಎಳೆದು ಒಂದೊಂದೇ ಫೋಟಾನ್ (ಬೆಳಕಿನ ಕಣ) ಕಳಿಸಿದೆವು ಎನ್ನಿ. 1550 ನ್ಯಾನೋಮೀಟರ್ ಬೆಳಕಿಗೆ ಕಿಲೋಮೀಟರಿಗೆ 0.2 ಡೆಸಿಬೆಲ್ ನಷ್ಟ, ಒಟ್ಟು 12. ನೂರು ಹೊರಟರೆ ತಲುಪುವುದು ಆರು. ಹಾಗಾಗಿ ಫೋಟಾನ್ ಹುಟ್ಟಿಸುವ ಚಿಪ್‌ನೊಳಗೆ ಒಂದೂ ಪೋಲಾಗಬಾರದು.

ಇಂಡಿಯಂ ಫಾಸ್ಫೈಡ್‌ನಲ್ಲಿ ಬೆಳೆಸಿದ ಇಂಡಿಯಂ ಆರ್ಸೆನೈಡ್ ಕ್ವಾಂಟಂ ಡಾಟ್, ಅಂದರೆ ಒಂದೊಂದೇ ಫೋಟಾನ್ ಹೊರಬಿಡುವ ನ್ಯಾನೋ ಗಾತ್ರದ ಚುಕ್ಕಿ, ಈ ಬಣ್ಣಕ್ಕೆ ಒಳ್ಳೆಯ ಆಯ್ಕೆ. ಆದರೆ ಅದು ಎಲ್ಲಿ ಮೂಡುತ್ತದೆಂದು ಮೊದಲೇ ಹೇಳಲಾಗದು, ತೋಟದಲ್ಲಿ ಬೀಜ ಬಿದ್ದು ತಾನಾಗೇ ಹುಟ್ಟಿದ ಕಾಫಿ ಗಿಡದ ಹಾಗೆ. 4 ಕೆಲ್ವಿನ್‌ಗೆ ತಣಿಸಿ, ಲೇಸರ್ ಹಾಯಿಸಿ ಜಾಗ ಗುರುತಿಸಿಕೊಂಡೇ ಸುತ್ತ ವೇವ್‌ಗೈಡ್ (ಬೆಳಕು ಸಾಗುವ ಕಾಲುವೆ) ಕೆತ್ತಬೇಕು. ಕೆತ್ತಿದ ಅಂಚು ಡಾಟ್‌ಗೆ ತೀರಾ ಹತ್ತಿರವಾದರೆ ಮೇಲ್ಮೈಯ ವಿದ್ಯುದಾವೇಶ ಏರಿಳಿದು ಬೆಳಕಿನ ರೇಖೆ ಅಗಲವಾಗುತ್ತದೆ; ಒಂದು ಫೋಟಾನ್ ಇನ್ನೊಂದರ ಹಾಗಿರುವುದಿಲ್ಲ.

ಡಾಟ್ ಇರುವ ಆ ವೇವ್‌ಗೈಡ್ ತುಂಡನ್ನು ರಬ್ಬರಿನಂಥ ಪಿಡಿಎಂಎಸ್ ಅಚ್ಚಿನಿಂದ ಎತ್ತಿ ಸಿಲಿಕಾನ್ ನೈಟ್ರೈಡ್ ಚಿಪ್ ಮೇಲೆ ಕೂರಿಸುತ್ತಾರೆ. ಅಚ್ಚನ್ನು ಬೇಗ ಎಳೆದರೆ ತುಂಡು ಜೊತೆಗೇ ಬರುತ್ತದೆ, ನಿಧಾನ ಎಳೆದರೆ ಚಿಪ್ ಮೇಲೇ ಉಳಿಯುತ್ತದೆ. ಕೆಲಸದ ಗುಟ್ಟೆಲ್ಲ ಈ ವೇಗದಲ್ಲಿದೆ. ವಕ್ರೀಭವನಾಂಕ ಫಾಸ್ಫೈಡ್‌ಗೆ ಸುಮಾರು 3.2, ನೈಟ್ರೈಡ್‌ಗೆ 2. ಅದಕ್ಕೇ ವೇವ್‌ಗೈಡಿನ ತುದಿಯನ್ನು ಸೂಜಿಯಂತೆ ಸಣ್ಣಗಾಗಿಸಿದರೆ ಮಾತ್ರ ಬೆಳಕು ಕೆಳಗಿಳಿಯುತ್ತದೆ. ನಡುವೆ ಒಂದು ಕಣ ಧೂಳಿದ್ದರೂ ಕೆಟ್ಟಿತು.

ಕೊನೆಗೆ ಪರೀಕ್ಷೆಗೆಂದು, ಬೆಳಕನ್ನು ಎರಡು ದಾರಿಗೆ ಹಂಚುವ ಬೀಮ್ ಸ್ಪ್ಲಿಟರ್‌ನ ಎರಡೂ ಕಡೆ ಡಿಟೆಕ್ಟರ್ ಇಡಿ. ಒಂದೇ ಫೋಟಾನ್ ಎರಡೂ ಕಡೆ ಮಿಡಿಸಲಾರದು. ಎರಡೂ ಒಟ್ಟೊಟ್ಟಿಗೇ ಮಿಡಿಯುತ್ತಿದ್ದರೆ ಡಾಟನ್ನು ಪ್ರಚೋದಿಸುವ ಪಂಪ್ ಲೇಸರ್ ಸೋರುತ್ತಿದೆಯೇ ಎಂದು ಮೊದಲು ಫಿಲ್ಟರ್ ನೋಡಿ.